ಹಿಮದ ಮೇಲಿನ ಹಳದಿ ಕಲೆ

ಅಚ್ಚಿನ ಚಿತ್ರದಲ್ಲಿ ಹಿಮಕ್ಕೆ ಶಾಯಿ ಹಾಕುವುದಿಲ್ಲ. ಶಾಯಿ ತಾಗದೆ ಉಳಿದ ಕಾಗದವೇ ಹಿಮ. ತಾಮ್ರದ ತಗಡಿನ ಮೇಲೆ ಹಿಮ ಬರಬೇಕಾದ ಜಾಗವನ್ನೆಲ್ಲ ಕನ್ನಡಿಯ ಹಾಗೆ ಉಜ್ಜಿ ನುಣುಪು ಮಾಡಿ, ಶಾಯಿ ಒಂಚೂರೂ ನಿಲ್ಲದ ಹಾಗೆ ಒರೆಸಿ, ದೇವರ ಮೇಲೆ ಭಾರ ಹಾಕಿ ಪ್ರೆಸ್ಸಿನ ಚಕ್ರ ತಿರುಗಿಸಬೇಕು. ಹಾಗಾಗಿ ಹಿಮದ ಚಿತ್ರ ಮಾಡುವವಳಿಗೆ ಶಾಯಿಯ ಚಿಂತೆಗಿಂತ ಕೊಳೆಯ ಚಿಂತೆ ಜಾಸ್ತಿ.

ನಾನೋ ಮೊದಲೇ ಅನುಮಾನದ ಪ್ರಾಣಿ. ಮೈಸೂರಿನಲ್ಲಿ ಹಾಲಿನವನು ಅಳೆದು ಹಾಕುವಾಗ ಪಾವಿನ ಬುಡ ನಗ್ಗಿದೆಯೇ ಅಂತ ಬಗ್ಗಿ ನೋಡುತ್ತಿದ್ದವಳು. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಗ್ರೋಸರಿ ಅಂಗಡಿಯ ತಕ್ಕಡಿಯ ಮೇಲೂ ನನಗೆ ನಂಬಿಕೆ ಇರಲಿಲ್ಲ. "ನೀನು ಪೊಲೀಸ್ ಇಲಾಖೆಗೆ ಸೇರಬೇಕಿತ್ತು, ಚಿತ್ರಕಲೆ ಯಾಕೆ ಕಲಿತೆ" ಎಂದು ನನ್ನ ಗಂಡ ರೇಗಿಸುತ್ತಿದ್ದರು. ಧಾರವಾಡದವರು ಅವರು, ಸ್ವಭಾವ ಸಡಿಲ.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನಾವು ಟಾಹೋ ಸರೋವರದ ಕಡೆ ಹೊರಟಿದ್ದೆವು. ಬೆಟ್ಟದ ಮೇಲೆ ಹಿಮ ಜಾಸ್ತಿಯಾಗಿ ಫ್ರೀವೇ ಮುಚ್ಚಿದರು. ಹಳೆಯ ರಸ್ತೆಗೆ ಇಳಿದು ಹೋಗುವಾಗ ಒಂದು ಮೋಟೆಲು ಸಿಕ್ಕಿತು. ಎರಡನೇ ಮಹಾಯುದ್ಧಕ್ಕೂ ಮುಂಚೆ ಕಟ್ಟಿದ್ದಿರಬೇಕು. ಸಾಲಾಗಿ ಪುಟ್ಟ ಕೋಣೆಗಳು, ಮುಂದೆ ದುಂಡು ತಲೆಯ ಹಳೆಯ ಪೆಟ್ರೋಲ್ ಪಂಪು, ಅದರ ತಲೆಯ ಮೇಲೆ ಮೊಳದಷ್ಟು ಎತ್ತರಕ್ಕೆ ಹಿಮ. ರಸ್ತೆಬದಿಯ ನಿಯಾನ್ ಫಲಕದಲ್ಲಿ ಅರ್ಧ ಅಕ್ಷರಗಳು ಸತ್ತಿದ್ದವು. ಕೋಣೆ ಕೇಳಲು ಆಫೀಸಿನ ಬಾಗಿಲು ತೆಗೆದರೆ ಜೀರಿಗೆ ಒಗ್ಗರಣೆಯ ವಾಸನೆ. ನಡೆಸುತ್ತಿದ್ದವರು ಗುಜರಾತಿನ ಗಂಡ ಹೆಂಡತಿ. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಮಾರನೆಯ ಬೆಳಿಗ್ಗೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು, ಬೆರಳು ಮರಗಟ್ಟಿದ್ದರೂ ಬಿಡದೆ ಇಡೀ ಮೋಟೆಲನ್ನು ಬರೆದುಕೊಂಡೆ.

ಆ ಚಿತ್ರವನ್ನು ತಾಮ್ರಕ್ಕಿಳಿಸಲು ಬೇಸಿಗೆಯೆಲ್ಲ ಹಿಡಿಯಿತು. ಗೋಡೆ, ಕಿಟಕಿ, ಪಂಪು, ಫಲಕ ಇವನ್ನೆಲ್ಲ ಮೇಣದ ಲೇಪದ ಮೇಲೆ ಗೀರಿ ಆಸಿಡ್ಡಿನಲ್ಲಿ ಕೊರೆಸಿದೆ. ಆಕಾಶದ ಬೂದಿ ಬಣ್ಣಕ್ಕೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ, ಮತ್ತೆ ಆಸಿಡ್ಡಿಗೆ ಹಾಕಿದೆ. ಅಚ್ಚಿನಲ್ಲಿ ಎಡಬಲ ತಿರುಗುವುದರಿಂದ ಫಲಕದ ಅಕ್ಷರಗಳನ್ನು ಹಿಂದುಮುಂದಾಗಿ ಬರೆಯಬೇಕು. ಎರಡು ಸಲ ಕೆಟ್ಟು, ಕೆರೆದು, ಮತ್ತೆ ಬರೆದೆ. ವಾಲ್ನಟ್ ಕ್ರೀಕಿನ ಒಂದು ಸಣ್ಣ ಗ್ಯಾಲರಿಯವರು ಮೊದಲ ಅಚ್ಚನ್ನು ನೋಡಿ, ಚಳಿಗಾಲದ ಪ್ರದರ್ಶನಕ್ಕೆ ಮೂವತ್ತು ಪ್ರತಿ ಕೊಡು ಎಂದರು. ಎಲ್ಲವೂ ಒಂದೇ ಥರ ಇರಬೇಕು, ಕಾಗದ ನಿರ್ಮಲವಾಗಿರಬೇಕು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ತಲುಪಬೇಕು. ಈ ದೇಶಕ್ಕೆ ಬಂದ ಮೇಲೆ ಇಂಜಿನಿಯರನ ಹೆಂಡತಿ ಎನ್ನುವುದನ್ನು ಬಿಟ್ಟು ನಾನು ಇನ್ನೇನಾದರೂ ಆಗುವ ಮೊದಲ ಅವಕಾಶ ಅದು. ಕೈಬಿಟ್ಟರೆ ಇನ್ನೊಂದು ಬರುತ್ತದೆ ಎಂಬ ಭರವಸೆ ನನಗಿರಲಿಲ್ಲ.

ಪ್ರೆಸ್ಸು ನನ್ನದಲ್ಲ. ಸ್ಯಾನ್ ಹೊಸೆಯಲ್ಲಿ ಹಿಂದೆ ಹಣ್ಣು ಡಬ್ಬಿಗೆ ತುಂಬುತ್ತಿದ್ದ ಶೆಡ್ಡೊಂದರಲ್ಲಿ ಹತ್ತಾರು ಜನ ಸೇರಿ ನಡೆಸುತ್ತಿದ್ದ ಕಾರ್ಯಶಾಲೆಯದು. ಅದನ್ನು ನೋಡಿಕೊಳ್ಳಲು ಒಬ್ಬಾಕೆ ಮ್ಯಾನೇಜರ್ ಇದ್ದಳು. ಅವಳನ್ನು ಬಿಟ್ಟರೆ ಕೀಲಿ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಒಬ್ಬಳು ನಾನು. ಇನ್ನೊಬ್ಬರು ಒಬ್ಬ ಮುದುಕರು, ಜೀವನವೆಲ್ಲ ಮೋಟೆಲುಗಳಿಗೆ, ಡೈನರ್ ಎನ್ನುವ ರಸ್ತೆಬದಿಯ ತಿಂಡಿ ಅಂಗಡಿಗಳಿಗೆ ಬೋರ್ಡು ಬರೆದು, ನಿವೃತ್ತಿಯಾದ ಮೇಲೆ ಅಚ್ಚಿನ ಕೆಲಸಕ್ಕೆ ಬಂದವರು. ಅವರು ಬರೆಯುತ್ತಿದ್ದದ್ದೂ ಹಳೆಯ ಮೋಟೆಲುಗಳನ್ನೇ, ಆದರೆ ರಾತ್ರಿಯ ಚಿತ್ರಗಳು, ಇಡೀ ಕಾಗದ ಕಾಡಿಗೆಯಂಥ ಕಪ್ಪು. ನನ್ನ ತಗಡನ್ನು ಮೊದಲ ಸಲ ನೋಡಿದಾಗ ಅವರು ಹೇಳಿದ್ದು ಒಂದೇ ಮಾತು: "ಓಹೋ, ನೀನೂ ನಮ್ಮ ರಸ್ತೆಗೆ ಬಂದೆ." ಅದನ್ನು ನಗುತ್ತಾ ಹೇಳಿದರು. ಆ ನಗು ನನಗೆ ಹಿಡಿಸಲಿಲ್ಲ.

ಆದರೂ ಅವರು ನನಗೆ ಸಹಾಯ ಮಾಡುತ್ತಿದ್ದರು, ಅದನ್ನು ಹೇಳಲೇಬೇಕು. ಈ ಕೆಲಸಕ್ಕೆ ಕಾಗದ ಹಿಂದಿನ ದಿನವೇ ನೆನೆಯಬೇಕು. ನೀರಿನಲ್ಲಿ ಅದ್ದಿ, ಒತ್ತುಕಾಗದದ ನಡುವೆ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟರೆ ಬೆಳಿಗ್ಗೆ ಹದವಾಗಿರುತ್ತದೆ. ನಾನು ಮನೆಗೆ ಬೇಗ ಹೋಗಬೇಕಾದ ದಿನ ಅವರೇ ನನ್ನ ಕಾಗದ ನೆನೆಸಿ ಇಡುತ್ತಿದ್ದರು.

ಆ ಅಕ್ಟೋಬರಿನಲ್ಲಿ ಅತ್ತೆ ಧಾರವಾಡದಿಂದ ಬಂದಿದ್ದರು. ಮಹಾನವಮಿಯ ದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರಿನ ಪೂಜೆ ಆಯಿತು, ಹೊಲಿಗೆ ಮಿಷನ್ನಿನದಾಯಿತು. ನನ್ನ ಕೊರೆಯುವ ಉಳಿ, ಸೂಜಿಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ ಕುಂಕುಮ ಇಟ್ಟರು. ನಾನು ಆಮೇಲೆ ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ.

"ನಿನ್ನ ದೊಡ್ಡ ಮಿಷನ್ನಿಗೆ ಪೂಜಿ ಬ್ಯಾಡೇನು?" ಎಂದು ಅತ್ತೆ ಕೇಳಿದರು.

"ಅದು ನಮ್ಮದಲ್ಲ ಅತ್ತೆ, ಹತ್ತು ಜನರದ್ದು. ಅದಕ್ಕೆಲ್ಲ ಏನೂ ಹಚ್ಚೋ ಹಾಗಿಲ್ಲ" ಎಂದೆ. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಆ ದಿನ ಅವರನ್ನೂ ಕಾರ್ಯಶಾಲೆಗೆ ಕರೆದುಕೊಂಡು ಹೋಗಿ, ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿ, ಹೊರಗಡೆ ಶಾಯಿಯ ಡಬ್ಬಿ ಕೊಳ್ಳಲು ಹೋಗಿ ಬಂದೆ. ಬಂದಾಗ ಅವರು ಅಲ್ಲೇ ಕೂತು ಅಡಿಕೆ ಅಗಿಯುತ್ತಿದ್ದರು.

ಮಾರನೆಯ ದಿನ ಅಚ್ಚು ಹಾಕಲು ಶುರು ಮಾಡಿದೆ. ತಗಡಿಗೆ ಶಾಯಿ ಬಳಿದು, ಗಂಜಿ ಹಾಕಿದ ಜಾಳು ಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು ಹಿಮದ ಜಾಗವನ್ನು ತಿಕ್ಕಿ ತಿಕ್ಕಿ ಬೆಳಗಿದೆ. ತಗಡಿನ ಮೇಲೆ ಒದ್ದೆ ಕಾಗದ, ಅದರ ಮೇಲೆ ಮೂರು ಪದರ ಉಣ್ಣೆಯ ಕಂಬಳಿ, ಚಕ್ರ. ಕಂಬಳಿ ಎತ್ತಿ ಕಾಗದ ಸುಲಿದೆ. ಮೋಟೆಲು ಚೆನ್ನಾಗಿ ಬಂದಿತ್ತು. ಪಂಪಿನ ಪಕ್ಕದ ಹಿಮದಲ್ಲಿ ಮಾತ್ರ ಜೀರಿಗೆಯಷ್ಟು ದೊಡ್ಡ ತಗ್ಗು, ಅದರ ಸುತ್ತ ಬೆರಳುಗುರುತಿನಷ್ಟು ತಿಳಿ ಹಳದಿ.

ಇನ್ನೊಂದು ಎಳೆದೆ. ಅದರಲ್ಲೂ ಹಳದಿ. ಮಾರನೆಯ ದಿನ ಎಳೆದದ್ದರಲ್ಲಿ ಕಲೆ ಜಾಗ ಬದಲಾಯಿಸಿ ಛಾವಣಿಯ ಮೇಲೆ ಬಂದಿತ್ತು. ತಗಡಿನ ದೋಷವಾದರೆ ಪ್ರತಿ ಸಲ ಅದೇ ಜಾಗದಲ್ಲಿ ಬರಬೇಕು. ಕಾಗದ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಬಣ್ಣ ಇನ್ನೂ ಗಾಢವಾಗಿತ್ತು. ಅಂದರೆ ಕೊಳೆ ತಗಡಿನಿಂದ ಬಂದಿಲ್ಲ, ಹಿಂದಿನಿಂದ ಇಳಿದಿದೆ. ಕಾಗದಕ್ಕೆ ತಾಗುವ ಕೆಳಗಿನ ಕಂಬಳಿಯನ್ನು ಮಗುಚಿ ಬೆಳಕಿಗೆ ಹಿಡಿದೆ. ಹಳೆಯ ಉಣ್ಣೆ, ವರ್ಷಗಟ್ಟಲೆ ಕಾಗದದ ಗಂಜಿ ಕುಡಿದು ಮೊದಲೇ ಹಳದಿ ತಿರುಗಿತ್ತು, ಬೇರೆ ಏನೂ ಕಾಣಲಿಲ್ಲ. ಹಾಗಾದರೆ ಉಳಿದದ್ದು ಕಾಗದ. ಅತ್ತೆ ಬಂದ ಮೇಲೆ ನಾನು ದಿನಾ ಬೇಗ ಮನೆಗೆ ಹೋಗುತ್ತಿದ್ದೆ, ಕಾಗದ ನೆನೆಸಿಟ್ಟವರು ಮುದುಕರು.

ನಾನು ಹಾಳಾದ ಪ್ರತಿಯನ್ನು ಅವರ ಮುಂದೆ ಹಿಡಿದೆ. "ನೋಡಿ, ಇಲ್ಲಿ ಕಲೆ."

ಅವರು ಕನ್ನಡಕ ಏರಿಸಿ, ಇಳಿಸಿ, ಕಿಟಕಿಯ ಕಡೆ ತಿರುಗಿಸಿ ನೋಡಿದರು. "ಎಲ್ಲಿ?"

"ಇಲ್ಲಿ. ನನ್ನ ಬೆರಳ ತುದಿಯಲ್ಲಿ."

"ನನಗೇನೂ ಕಾಣಿಸ್ತಿಲ್ಲವಲ್ಲ" ಎಂದು ಹೇಳಿ, ಕಾಗದ ಹಿಂದಿರುಗಿಸಿ, ತಮ್ಮ ಮೇಜಿಗೆ ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ತೋಳು ಚಾಚಿ ಹಿಡಿದರೂ ನನಗೆ ಕಾಣುತ್ತಿದ್ದ ಕಲೆ ಮೂಗಿನ ಮುಂದೆ ಹಿಡಿದರೂ ಈ ಮನುಷ್ಯನಿಗೆ ಕಾಣುವುದಿಲ್ಲವಂತೆ. ನಾಟಕ ಆಡುವುದಕ್ಕೂ ಒಂದು ಮಿತಿ ಬೇಡವೇ ಅಂದುಕೊಂಡೆ. ಅವರ ಚಿತ್ರಗಳಿಗೆ ಏನೂ ಆಗಿರಲಿಲ್ಲ ಎನ್ನುವುದೂ ನನ್ನ ಲೆಕ್ಕಕ್ಕೆ ಬಂತು. ಅವು ಕಪ್ಪು ಚಿತ್ರಗಳು, ಅದರಲ್ಲಿ ಹಳದಿ ಹೇಗೆ ಕಾಣಬೇಕು ಎಂದು ಯೋಚಿಸುವ ತಾಳ್ಮೆ ಆಗ ನನಗಿರಲಿಲ್ಲ.

ಮ್ಯಾನೇಜರ್ ಹತ್ತಿರ ಹೋದೆ. ಅವಳು ಪ್ರತಿಯನ್ನು ನೋಡಿ, ತಡವರಿಸುತ್ತಾ ಕೇಳಿದಳು: "ನೀನು ಬೆಳಿಗ್ಗೆ ಅಡುಗೆ ಮಾಡಿ ಬರ್ತೀಯಲ್ಲ, ನಿಮ್ಮ ಕರ್ರಿ ಏನಾದರೂ..."

"ನಾನು ಇಲ್ಲಿಗೆ ಬಂದ ತಕ್ಷಣ ಉಗುರಿನ ಒಳಗೆಲ್ಲ ಬ್ರಷ್ಷು ಹಾಕಿ ತೊಳೀತೀನಿ. ಕೆಲವರು ಇಲ್ಲೇ ಕೂತು ಬಿಸ್ಕತ್ತು ತಿಂತಾರೆ, ಅವರನ್ನು ಕೇಳಿದ್ರಾ?" ಎಂದೆ. ಕೂತು ಬಿಸ್ಕತ್ತು ತಿನ್ನುತ್ತಿದ್ದವರು ಒಬ್ಬರೇ. ಅವರು ಆಚೆ ಮೇಜಿನಲ್ಲಿ ಕೂತು ಕೇಳಿಸಿಕೊಂಡರು, ತಲೆ ಎತ್ತಲಿಲ್ಲ. ಕರ್ರಿ ಎಂಬ ಮಾತು ನನ್ನನ್ನು ಚುಚ್ಚಿತ್ತು. ಆ ಕೋಪದಲ್ಲಿ ಹಳದಿ ಎಂದರೆ ನಮ್ಮ ಮನೆಯಲ್ಲಿ ಏನು ಎಂದು ಯೋಚಿಸುವ ಬಾಗಿಲನ್ನೇ ನಾನು ಮುಚ್ಚಿಕೊಂಡೆ.

ಆಮೇಲಿನ ದಿನಗಳು ನೆಟ್ಟಗಿರಲಿಲ್ಲ. ಅವರು ಕಪಾಟಿನ ಕಡೆ ಹೋದರೆ ನನ್ನ ಕಣ್ಣು ಅವರ ಹಿಂದೆ. ನಾನು ಆಸಿಡ್ಡಿನ ಕೋಣೆಗೆ ಹೋಗುವಾಗ ಕಾಗದದ ಕಟ್ಟಿನ ಮೇಲೆ ಒಂದು ಕೂದಲು ಇಟ್ಟು ಹೋಗಿ, ಬಂದು ನೋಡುತ್ತಿದ್ದೆ. ಕೂದಲು ಇದ್ದಲ್ಲೇ ಇರುತ್ತಿತ್ತು. ಬಹಳ ಜಾಣ ಇರಬೇಕು ಅಂದುಕೊಂಡೆ. ಒಮ್ಮೆ ಅವರು ನನ್ನ ಹಾಳಾದ ಪ್ರತಿಗಳನ್ನು ಒಂದೊಂದಾಗಿ ಎತ್ತಿ, ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಸವರುವುದನ್ನು ನೋಡಿದೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಕಳ್ಳನ ಹಾಗೆ ಬೆಚ್ಚಿಬಿದ್ದು, "ಏನಿಲ್ಲ" ಎಂದರು. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಗಂಡ ನಕ್ಕರು. ಅತ್ತೆ ಮಾತ್ರ ನನ್ನ ಪಕ್ಷ. "ಮಂದಿ ಹೊಟ್ಟಿಕಿಚ್ಚು ಎಲ್ಲಾ ಕಡೆ ಒಂದ ಥರಾ ಇರ್ತದ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಗ್ಯಾಸಿನ ಮೇಲೆ ಹಾಕಿದರು. ಮನೆಯ ಹೊಗೆ ಅಲಾರಮ್ಮು ಕೂಗಿಕೊಂಡಿತು.

ಒಂದು ಬೆಳಿಗ್ಗೆ ಹೋದರೆ ಮ್ಯಾನೇಜರಿನ ಮೇಜಿನ ಮೇಲೆ ಒಂದು ಕೀಲಿ ಬಿದ್ದಿತ್ತು. "ಅವರು ಬಿಟ್ಟುಹೋದರು. ಇನ್ನು ಬರುವುದಿಲ್ಲವಂತೆ. ತಗಡುಗಳನ್ನೂ ತೆಗೆದುಕೊಂಡು ಹೋದರು" ಎಂದಳು. ನನಗೆ ನಿಜವಾಗಿ ಸಂತೋಷವಾಯಿತು. ಸಿಕ್ಕಿಬಿದ್ದ ಮೇಲೆ ಹೀಗೇ ಹೋಗುತ್ತಾರೆ ಅಂದುಕೊಂಡೆ. ಆ ಸಂಜೆ ಕಾಗದವನ್ನು ನಾನೇ ನೆನೆಸಿ, ಸುತ್ತಿ, ಕಪಾಟಿನಲ್ಲಿ ಇಟ್ಟು ಬೀಗ ಹಾಕಿ ಬಂದೆ.

ಬೆಳಿಗ್ಗೆ ಎಳೆದ ಮೊದಲ ಪ್ರತಿಯಲ್ಲಿ, ಮೋಟೆಲಿನ ಬಾಗಿಲ ಮುಂದಿನ ಹಿಮದಲ್ಲಿ, ಹಳದಿ ಕಲೆ.

ಇನ್ನು ಅನುಮಾನ ಪಡಲು ಯಾರೂ ಉಳಿದಿರಲಿಲ್ಲ. ಬಿಳಿ ಕಾಗದ ತೀರುತ್ತಾ ಬಂದಿತ್ತು, ಗ್ಯಾಲರಿಯವರು ಫೋನು ಮಾಡಿ ವಿಚಾರಿಸುತ್ತಿದ್ದರು. ಬೇರೆ ದಾರಿ ಕಾಣದೆ ಮೂರೂ ಕಂಬಳಿ ಬಿಚ್ಚಿದೆ. ಅವನ್ನು ತೊಳೆಯಲು ಒಂದು ಕ್ರಮ ಇದೆ. ದೊಡ್ಡ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು, ಮೆದು ಸೋಪು, ಒಳಗೆ ಕೂತ ಗಂಜಿ ಬಿಡಲು ಸ್ವಲ್ಪ ಅಮೋನಿಯಾ. ಕಂಬಳಿಯನ್ನು ಒಳಗೆ ಅದ್ದಿ ಒತ್ತಿದೆ. ನಡುವಿನ ಪದರದಲ್ಲಿ ಒಂದು ಕಡೆ ಕೆಂಪು ಮೂಡಿತು. ಆಮೇಲೆ ಇನ್ನೊಂದು ಕಡೆ. ನೋಡುತ್ತಿದ್ದಂತೆ ನೀರಿನಲ್ಲಿ ಕೆಂಪು ಎಳೆಯಾಗಿ ಬಿಟ್ಟುಕೊಂಡಿತು.

ಹುಟ್ಟಿದಾಗಿನಿಂದ ನೋಡಿದ ಬಣ್ಣ ಅದು. ಮದುವೆಯಲ್ಲಿ, ಮಗುವಿನ ತೊಟ್ಟಿಲಿಗೆ, ಊರಿಂದ ಬಂದವರಿಗೆ ಬಾಗಿಲಲ್ಲಿ ಎತ್ತುವ ಆರತಿಯ ನೀರು. ಅರಿಶಿನಕ್ಕೆ ಸುಣ್ಣ ಸೇರಿದರೆ ಬರುವ ಓಕುಳಿ. ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಅಮೋನಿಯಾ ಮಾಡಿತ್ತು. ಕಂಬಳಿಯ ಮಡಿಕೆಯಲ್ಲಿ ಬೆರಳು ಆಡಿಸಿದಾಗ ಚಪ್ಪಟೆಯಾದ ಒಂದು ಅಕ್ಕಿಕಾಳು ಸಿಕ್ಕಿತು.

ಮನೆಗೆ ಹೋಗಿ ಆ ಕಾಳನ್ನು ಅತ್ತೆಯ ಮುಂದೆ ಇಟ್ಟೆ.

"ಅಕ್ಷತಿ" ಎಂದರು ಅತ್ತೆ, ನೋಡಿದ ಕೂಡಲೇ.

"ನಾನು ಬೇಡ ಅಂದಿದ್ದೆನಲ್ಲ ಅತ್ತೆ."

"ಹಚ್ಚಬ್ಯಾಡ ಅಂದಿದ್ದಿ. ಮುಂದ ಏನೂ ಹಚ್ಚಿಲ್ಲ. ಯಾರಿಗೂ ಕಾಣದ ಜಾಗಾದಾಗ, ಹಿಂದ, ಒಂದೀಟು ಕುಂಕುಮ ಇಟ್ಟು, ಮ್ಯಾಲಿನ ಕಂಬಳಿ ಮಡಚಿತ್ತಲ್ಲ, ಅದರ ಕೆಳಗಿನ ಕಂಬಳಿ ಮ್ಯಾಲ ನಾಲ್ಕು ಅಕ್ಷತಿ ಹಾಕೀನಿ. ನವಮಿ ದಿನ ಅಂಥಾ ಕಬ್ಬಿಣದ ಮಿಷನ್ನು ಬರೇ ಹಣಿಯಿಂದ ನಿಂತಿತ್ತು. ನೀ ಅದಕ ಕೈ ಕೊಡಾಕಿ. ನಿನ್ನ ಕೈಗೆ ಏನಾರ ಆದ್ರ?" ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು. "ಕೆಟ್ಟದ್ದೆಲ್ಲಾ ಇದರಿಂದನ?"

ಸಿಟ್ಟು ಬಂದಿತ್ತು, ಆದರೆ ನನ್ನ ಕೈಯ ಬಗ್ಗೆ ಅವರ ಆತಂಕ ಕೇಳಿದ ಮೇಲೆ ಅದನ್ನು ಎಲ್ಲಿಡುವುದು ಎಂದು ತಿಳಿಯಲಿಲ್ಲ.

ಕಂಬಳಿ ತೊಳೆದಾಗಿತ್ತು. ಕೆಂಪು ನೀರು ಚೆಲ್ಲಿಯಾಗಿತ್ತು. ಒಣಗಿಸಿ ಹಾಕಿ, ಮೂವತ್ತು ಪ್ರತಿ ಎಳೆದುಕೊಟ್ಟರೆ ಮುಗಿಯಿತು, ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಹೇಳಿದರೆ ಮ್ಯಾನೇಜರಿನ ಕರ್ರಿ ಮಾತೇ ನಿಜವಾಗುತ್ತದೆ. ಅದನ್ನು ನೆನೆದರೆ ಈಗಲೂ ನನಗೆ ಹಲ್ಲು ಕಡಿಯುವ ಹಾಗಾಗುತ್ತದೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏನೂ ಮಾಡದ ಮನುಷ್ಯ ಕೀಲಿ ಯಾಕೆ ಬಿಟ್ಟುಹೋದ? ಅನುಮಾನದವಳಿಗೆ ಉತ್ತರ ಸಿಗದ ಪ್ರಶ್ನೆ ಇಟ್ಟುಕೊಂಡು ಮಲಗಲು ಆಗುವುದಿಲ್ಲ. ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ, ಅಷ್ಟಕ್ಕೆ ಅವಳ ಮೇಲೆ ನನಗೆ ಗೌರವ ಬಂತು. ಮುದುಕರ ವಿಳಾಸವನ್ನೂ ಕೀಲಿಯನ್ನೂ ಕೊಟ್ಟಳು.

"ನಾನೂ ಬರತೀನಿ. ಮಾಡಿದಾಕಿ ನಾನು" ಎಂದು ಅತ್ತೆ ಸೆರಗು ಹೊದ್ದು ಕಾರಿನಲ್ಲಿ ಕೂತೇಬಿಟ್ಟರು.

ಮುದುಕರ ಮನೆ ಇದ್ದದ್ದು ಪಕ್ಕದ ಊರು ಮಾರ್ಗನ್ ಹಿಲ್‌ನಲ್ಲಿ. ಬಾಗಿಲು ತೆಗೆದವರು ನನ್ನನ್ನು, ಸೀರೆ ಸ್ವೆಟರಿನ ಅತ್ತೆಯನ್ನು ನೋಡಿ ಬಾಗಿಲನ್ನು ಅರ್ಧಕ್ಕೇ ಹಿಡಿದುಕೊಂಡರು.

"ಕೀಲಿ ಕೊಟ್ಟಾಯಿತಲ್ಲ. ಇನ್ನೇನು ಬೇಕು?"

"ಕಲೆ ಎಲ್ಲಿಂದ ಬಂತು ಅಂತ ಗೊತ್ತಾಯಿತು."

ಅವರ ಮುಖ ಬಿಳಿಚಿತು. ಒಳಗೆ ಕರೆದು ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿದರು. ನಾನು ಪೂಜೆ, ಅಕ್ಷತೆ, ಅರಿಶಿನ ಎಂದೆಲ್ಲ ವಿವರಿಸಿದೆ. ಅವರು ತಲೆಯಾಡಿಸುತ್ತಿದ್ದರು, ಆದರೆ ಕಣ್ಣಲ್ಲಿ ನಂಬಿಕೆ ಇರಲಿಲ್ಲ. ಮುದುಕನನ್ನು ಸಮಾಧಾನ ಮಾಡಲು ಕಥೆ ಕಟ್ಟಿಕೊಂಡು ಬಂದಿದ್ದಾಳೆ ಎಂದು ಅವರ ಅನುಮಾನ. ನನಗೆ ಅದು ಚೆನ್ನಾಗಿ ಗೊತ್ತಾಯಿತು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

"ಏನಂತಾನ?" ಎಂದು ಅತ್ತೆ ಕೇಳಿದರು.

"ನಂಬಲ್ಲ ಅತ್ತೆ."

ಅತ್ತೆ ಎದ್ದು ಸಿಂಕಿನ ಪಕ್ಕದಿಂದ ಒಂದು ಬಿಳಿ ತಟ್ಟೆ ತಂದು ನೀರು ಹಾಕಿದರು. ಪರ್ಸಿನ ಚೀಲದಿಂದ ಅರಿಶಿನ ತೆಗೆದು ಕಲಸಿದರು. ತಟ್ಟೆಯ ನೀರು ತಿಳಿ ಹಳದಿಯಾಯಿತು.

"ಕಾಣ್ತದೇನು ಕೇಳು."

ಕೇಳಿದೆ. ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ನೀರು" ಎಂದರು.

ಆಗ ನನಗೆ ಹೊಳೆಯಿತು. ಎಲ್ಲಿ ಎಂದು ಕೇಳಿದ್ದು ನಾಟಕವಲ್ಲ, ಬಿಳಿಯ ಮೇಲಿನ ಹಳದಿ ಅವರ ಕಣ್ಣಿಗೆ ಕಾಣುವುದೇ ಇಲ್ಲ. ಅತ್ತೆಗೆ ಇದೆಲ್ಲ ತಿಳಿಯದು. ಅವರು ಅಡಿಕೆಯ ಡಬ್ಬಿಯಿಂದ ಕಡಲೆಯಷ್ಟು ಸುಣ್ಣ ತೆಗೆದು ನೀರಿಗೆ ತಿಕ್ಕಿದರು. ತಟ್ಟೆಯಿಡೀ ಕೆಂಪಾಯಿತು. ಮುದುಕರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

"ಇದು ಇಷ್ಟು ಹೊತ್ತೂ ಅಲ್ಲೇ ಇತ್ತಾ?"

"ಹಳದಿಯಾಗಿ ಇತ್ತು."

ಅವರು ಕೂತರು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ತೆರೆದಿಟ್ಟು ನೋಡಿಕೊಂಡರು. ಕಣ್ಣಿನ ಪೊರೆ ಬೆಳೆಯುತ್ತಿದೆ ಎಂದು ಡಾಕ್ಟರು ಹೇಳಿ ಬಹಳ ಕಾಲವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. "ನೀನು ತೋರಿಸಿದೆ, ಮ್ಯಾನೇಜರ್ ನೋಡಿದಳು, ನನಗೆ ಕಾಣಲಿಲ್ಲ. ನಿನ್ನ ಕಾಗದ ಮುಟ್ಟಿದವನು ನಾನೊಬ್ಬನೇ. ನನ್ನ ಕೈಯಲ್ಲೇ ಏನೋ ಕೊಳೆ ಇದೆ, ನನಗೆ ಕಾಣದ ಕೊಳೆ, ಅಂದುಕೊಂಡೆ. ತೊಳೆದೆ. ಬಿಸ್ಕತ್ತು ಬಿಟ್ಟೆ. ಬೆರಳಲ್ಲಿ ಸವರಿ ಹುಡುಕಿದೆ. ಕೊಳೆ ಕಾಣದವನು ಇನ್ನೊಬ್ಬರ ಹಿಮದ ಹತ್ತಿರ ಇರಬಾರದು ಅಂತ ಬಂದುಬಿಟ್ಟೆ. ನಂದೂ ಮುಗೀತು ಅಂದುಕೊಂಡೆ."

ನಾನು ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದ್ದೆ, ತನ್ನ ಮೇಲೆ ತಾನೇ ಅನುಮಾನ ಪಟ್ಟು ಎದ್ದುಹೋಗುವ ಮನುಷ್ಯ ಇರಬಹುದು ಎಂದು ಎಣಿಸಿರಲಿಲ್ಲ. ಕೀಲಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

ಅತ್ತೆ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. "ಓಕುಳಿ ಕಲಸಿದ ಮ್ಯಾಲ ಹಂಗ ಚೆಲ್ಲಬಾರದು. ಸುಮ್ಮನ ಕೂಡು ಅನ್ನು ಅವಗ" ಎಂದು, ನಾನು ಅನುವಾದ ಮಾಡುವ ಮೊದಲೇ, ಆ ಮುದುಕರ ಮುಂದೆ ತಟ್ಟೆಯನ್ನು ಮೂರು ಸುತ್ತು ಎತ್ತಿ, ಬೆರಳದ್ದಿ ಹಣೆಗೆ ಹಚ್ಚಿ, ಹಿತ್ತಿಲ ಬಾಗಿಲು ತೆರೆದು ನೀರನ್ನು ಹೊರಗೆ ಹಾಕಿದರು. ಮುದುಕರು ಅಲುಗಾಡದೆ ಕೂತಿದ್ದರು. ಆಮೇಲೆ ಕೀಲಿಯನ್ನು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿ, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಶೆಡ್ಡಿನ ಬಾಗಿಲು ತೆರೆದಿತ್ತು. ಒಣಗಿದ ಕಂಬಳಿಗಳನ್ನು ಅವರೇ ಪ್ರೆಸ್ಸಿನ ಮೇಲೆ ಜೋಡಿಸಿದ್ದರು. ನಾನು ತಗಡು ಒರೆಸಿದೆ, ಅವರು ಚಕ್ರ ತಿರುಗಿಸಿದರು. ಕಂಬಳಿ ಎತ್ತಿ, ಕಾಗದದ ಎರಡು ಮೂಲೆ ಹಿಡಿದು ಸುಲಿದು, ಇಬ್ಬರ ನಡುವೆ ಬೆಳಕಿಗೆ ಹಿಡಿದೆ. ಮೋಟೆಲು, ಪಂಪು, ಅರ್ಧ ಸತ್ತ ಫಲಕ.

"ಹಿಮ ಬೆಳ್ಳಗಿದೆಯಾ?" ಎಂದು ಕೇಳಿದರು.

ಮೂಲೆಯಿಂದ ಮೂಲೆಗೆ ನೋಡಿದೆ. ತಿರುಗಿಸಿ ಹಿಂಬದಿ ನೋಡಿದೆ. "ಬೆಳ್ಳಗಿದೆ" ಎಂದೆ.

ನಾನಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದೆ. ಅವರು ಕೇಳಲಿಲ್ಲ. ಮುಂದಿನ ಕಾಗದ ತರಲು ಹೋದರು.